ಅಪ್ಪಾಜಿ ಕೊಟ್ಟ ಜರ್ಮನಿ ಬಂದೂಕು

ನನ್ನ ಮದುವೆಯಲ್ಲಿ ಅಪ್ಪಾಜಿ ಅಳಿಯನಿಗೆ ಕೊಟ್ಟ ಉಡುಗೊರೆ ಒಂದು ಗಾಳಿಬಂದೂಕು. ಇದನ್ನು ಹೇಳಿದರೆ ನನ್ನ ಸೊಸೆಯಂದಿರು ಸೆರಗು ಬಾಯಿಗೆ ಹಿಡಿದು ನಗುತ್ತಾರೆ. ಲಿಂಗ ಕಟ್ಟಿಕೊಂಡವರು, ಇರುವೆಯ ಸಾಲು ಕಂಡರೆ ದಾಟಿಕೊಂಡು ಹೋಗುವವರು ಬಂದೂಕು ಕೊಡುವುದೆಂದರೇನು ಎಂದು ಅವರ ಪ್ರಶ್ನೆ. ಆದರೆ ಆಗ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸುಗಳಲ್ಲಿ ಮಂಗಗಳ ಕಾಟ ಹೇಳತೀರದು. ಹೆಂಚು ಸರಿಸಿ ಅಡುಗೆಮನೆಗೇ ಇಳಿಯುತ್ತಿದ್ದವು. ಗಾಳಿಬಂದೂಕಿಗೆ ಲೈಸೆನ್ಸು ಬೇಡ, ಮದ್ದು ಬೇಡ. ಕೊಳವೆಯನ್ನು ಬಗ್ಗಿಸಿ ಸಣ್ಣ ಸೀಸದ ಗುಂಡು ಇಟ್ಟು ತಗಡಿಗೆ ಹೊಡೆದರೆ ಸಾಕು, ಆ ಸದ್ದಿಗೇ ಮಂಗ ಓಡುತ್ತಿತ್ತು. ಪ್ರಾಣಿಗೆ ಗುರಿಯಿಟ್ಟು ಹೊಡೆದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಅದು ಶಿವನ ದಯೆ.

ನನ್ನತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಇದ್ದೊಬ್ಬ ಮಗನನ್ನು ಓದಿಸಿ ಕಬ್ಬಿಣದ ಕಾರ್ಖಾನೆಯ ಲ್ಯಾಬೊರೇಟರಿಗೆ ಸೇರಿಸಿದವರು. ಯಾರಿಗೂ ತಲೆ ತಗ್ಗಿಸಿದವರಲ್ಲ. ಮಾತು ಚುರುಕು. ಅವರ ಪರಿಚಯದ ಒಂದು ಮನೆಯಲ್ಲಿ ಅಳಿಯನಿಗೆ ಜರ್ಮನಿಯ ಗಾಳಿಬಂದೂಕು ಬಂದಿತ್ತಂತೆ. ನಮ್ಮ ಮದುವೆಯ ಮಾತುಕತೆಯ ದಿನ, ತಾಂಬೂಲ ಬದಲಾಯಿಸುವ ಹೊತ್ತಿಗೆ ಅವರು ಹೇಳಿದರು: "ವಾಚು, ಸೈಕಲ್ಲು ಎಲ್ಲ ನಮ್ಮ ಹುಡುಗನ ಹತ್ರ ಇದೆ ಬೀಗ್ರೆ. ಕೊಡೋ ಮನಸ್ಸಿದ್ರೆ ಒಂದು ಜರ್ಮನಿ ಬಂದೂಕು ಕೊಡಿ. ಮಂಗ ಓಡಿಸಿ ಓಡಿಸಿ ನನ್ನ ತೋಳು ಬಿದ್ದೋಯ್ತು."

ಅಪ್ಪಾಜಿ ಎಲೆಗೆ ಸುಣ್ಣ ಹಚ್ಚುತ್ತಲೇ ಹೇಳಿದರು: "ಕೊಡ್ತೀನಿ. ಅಸಲಿ ಜರ್ಮನಿನೇ ಕೊಡ್ತೀನಿ."

ಅಪ್ಪಾಜಿಯ ಬಾಯಿಂದ ಬಂದ ಆ 'ಅಸಲಿ' ಎಂಬ ಮಾತಿಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದು ತೂಕವಿತ್ತು. ನಮ್ಮದು ಅಲ್ಲಿ ಒಂದು ಬಟ್ಟೆ ಅಂಗಡಿ. ದೊಡ್ಡದಲ್ಲ, ಹಿಂದೆ ಮನೆ, ಮುಂದೆ ಅಂಗಡಿ. ಆದರೆ ಯಾರಾದರೂ ಒಂದು ತುಂಡು ಬಟ್ಟೆ ಹಿಡಿದು ಬಂದರೆ, ಅಪ್ಪಾಜಿ ಅದನ್ನು ಹೆಬ್ಬೆರಳು ತೋರುಬೆರಳ ಮಧ್ಯೆ ಉಜ್ಜಿ, "ಇದು ದಾವಣಗೆರೆ ಮಿಲ್ಲಿಂದು, ನಾನು ಹೇಳ್ತೀನಿ ಕೇಳಿ" ಎನ್ನುತ್ತಿದ್ದರು. ಮಿಲ್ಲಿನಿಂದ ಬಟ್ಟೆಯ ಹೊಸ ಥಾನು ಬಂದರೆ ಮುಟ್ಟುವುದೂ ಬೇಡ. ಆಗ ಪ್ರತಿಯೊಂದು ಥಾನಿನ ಮೇಲೂ ಮಿಲ್ಲಿನ ಚಿತ್ರದ ಚೀಟಿ ಅಂಟಿಸಿರುತ್ತಿದ್ದರು. ಒಂದಕ್ಕೆ ಆನೆ, ಒಂದಕ್ಕೆ ಗಿಳಿ, ಒಂದಕ್ಕೆ ತಾವರೆಯ ಮೇಲೆ ನಿಂತ ಲಕ್ಷ್ಮಿ. ಒಬ್ಬರ ಚಿತ್ರವನ್ನು ಇನ್ನೊಬ್ಬರು ಹಾಕುವಂತಿರಲಿಲ್ಲ. ಅಪ್ಪಾಜಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಚಿತ್ರವೇ ಅವರಿಗೆ ಹೆಸರು, ಊರು, ವಿಳಾಸ ಎಲ್ಲವೂ.

ಬಂದೂಕನ್ನೂ ಅವರು ಹಾಗೆಯೇ ಆರಿಸಿದರು. ಹಳೆ ಸಾಮಾನು ಮಾರುವ ಒಬ್ಬ ವ್ಯಾಪಾರಿ ಗೋಣಿತಾಟಿನಲ್ಲಿ ಸುತ್ತಿಟ್ಟಿದ್ದನ್ನು ಬಿಚ್ಚಿ ತೋರಿಸಿದನಂತೆ. ಕೊಳವೆಯ ಹಿಂದಿನ ದಪ್ಪ ಭಾಗದ ಮೇಲೆ ಒಂದು ಚಿತ್ರ ಒತ್ತಿದ್ದರು: ನಿಂತ ಒಬ್ಬ ಹೆಂಗಸು, ಎರಡೂ ಕೈಯಲ್ಲಿ ಬಂದೂಕನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಾಳೆ, ಬಿಲ್ಲು ಬಾಣ ಕಾಲ ಬಳಿ ಬಿದ್ದಿವೆ. ಅಂಥದೇ ಹೆಂಗಸಿನ ಚಿತ್ರವಿದ್ದ ಬಂದೂಕನ್ನು ಅಪ್ಪಾಜಿ ಹಿಂದೆ, ಎರಡನೆಯ ಮಹಾಯುದ್ಧ ಶುರುವಾಗುವ ಮೊದಲು, ತಮ್ಮ ಗಿರಾಕಿಯೊಬ್ಬರ ಕೈಯಲ್ಲಿ ನೋಡಿದ್ದರು. ಅದು ಜರ್ಮನಿಯದೆಂದು ಆ ಗಿರಾಕಿಯೇ ಓದಿ ಹೇಳಿದ್ದರು. ಚಿತ್ರ ಅದೇ. ಇನ್ನೇನು ಬೇಕು? ತಂದು ಎಣ್ಣೆ ಹಚ್ಚಿಸಿ, ಮರದ ಹಿಡಿಗೆ ಪಾಲಿಶ್ ಮಾಡಿಸಿ, ಧಾರೆಯ ದಿನ ಅಳಿಯನ ಕೈಗೆ ಕೊಟ್ಟರು.

ಮೊದಲನೆಯ ವರ್ಷ ಏನೂ ತೊಂದರೆಯಾಗಲಿಲ್ಲ. ನಮ್ಮ ಕ್ವಾರ್ಟರ್ಸಿನ ನಡುಮನೆಯ ಗೋಡೆಗೆ ಬಂದೂಕು ತೂಗುಹಾಕಿದ್ದರು. ಬಂದವರಿಗೆಲ್ಲ ಅತ್ತೆ, "ನಮ್ಮ ಬೀಗ್ರು ಕೊಟ್ಟಿದ್ದು, ಜರ್ಮನಿದು" ಎಂದು ತೋರಿಸುವರು. ಆ ಮಾತು ಕಿವಿಗೆ ಬಿದ್ದಾಗೆಲ್ಲ ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ಹಗುರವಾಗುತ್ತಿತ್ತು. ಹೊಸ ಸೊಸೆಗೆ ತವರಿನ ಒಂದು ವಸ್ತು ಗೋಡೆಯ ಮೇಲೆ ಗೌರವದಿಂದ ಇದ್ದರೆ ಅದೇ ಬಲ. ನಾನು ಪೂಜೆಗೆ ಕೂತಾಗ ಶಿವನಿಗೆ ಅದನ್ನೂ ಸೇರಿಸಿಯೇ ಕೈ ಮುಗಿಯುತ್ತಿದ್ದೆ.

ಎರಡನೆಯ ವರ್ಷದ ಆಯುಧಪೂಜೆ. ಕಾರ್ಖಾನೆಯ ಊರಿನಲ್ಲಿ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಅಲ್ಲಿ ಕುಲುಮೆಯಿಂದ ಹಿಡಿದು ಮೇಜಿನ ಮೇಲಿನ ತಕ್ಕಡಿಯವರೆಗೆ ಹೂವು ಏರುತ್ತದೆ. ಮನೆಗಳಲ್ಲಿ ಈಳಿಗೆಮಣೆ, ಕತ್ತಿ, ಸೈಕಲ್ಲು. ನಾನು ಬಂದೂಕನ್ನು ಇಳಿಸಿ ಒರೆಸಿ, ಕೊಳವೆಗೆ ವಿಭೂತಿಯ ಮೂರು ಪಟ್ಟೆ ಎಳೆದು, ಆ ಚಿತ್ರದ ಹೆಂಗಸಿನ ಹಣೆಗೆ ಕಡ್ಡಿಯ ತುದಿಯಿಂದ ಕುಂಕುಮ ಇಟ್ಟಿದ್ದೆ. ಆಯುಧ ಹಿಡಿದ ಹೆಣ್ಣು ಎಂದಮೇಲೆ ದೇವಿಯೇ ಎಂದು ನನ್ನ ಲೆಕ್ಕ.

ಎದುರು ಕ್ವಾರ್ಟರ್ಸಿನ ಇಂಜಿನಿಯರ್ ಸಾಹೇಬರು ಪ್ರಸಾದಕ್ಕೆ ಬಂದರು. ತಮಿಳಿನವರು, ನಿವೃತ್ತಿಗೆ ಹತ್ತಿರವಾದವರು, ಯುದ್ಧಕ್ಕೆ ಮೊದಲು ಜರ್ಮನಿಗೆ ಹೋಗಿ ಕೆಲಸ ಕಲಿತು ಬಂದವರು. ಬಂದೂಕಿನ ಮುಂದೆ ಬಗ್ಗಿ ನೋಡಿ ನಕ್ಕರು.

"ಅಡಡಾ! ಯಾರಮ್ಮಾ ಈ ಅಮ್ಮನಿಗೆ ಪೊಟ್ಟು ಇಟ್ಟಿದ್ದು?"

ನಾನು ನಾಚಿ ಬಾಗಿಲ ಹಿಂದೆ ಸರಿದೆ. "ತಪ್ಪಾಯ್ತಾ ಸಾರ್?" ಎಂದರು ನಮ್ಮ ಯಜಮಾನರು.

"ತಪ್ಪೇನಿಲ್ಲ. ಇವಳು ಆ ಕಡೆಯವರ ಬೇಟೆ ದೇವತೆ. ದೇವತೇನೇ. ಬಂದೂಕು ಸಿಕ್ಕಿತು ಅಂತ ಬಿಲ್ಲು ಬಿಸಾಕ್ತಿದ್ದಾಳೆ. ನನ್ನ ಹತ್ರಾನೂ ಇವಳಿದ್ದಾಳೆ, ಇರಿ."

ಅಷ್ಟರಮಟ್ಟಿಗೆ ನನ್ನ ಕುಂಕುಮ ವ್ಯರ್ಥವಾಗಲಿಲ್ಲ ಎಂದುಕೊಂಡೆ. ಸಾಹೇಬರು ಮನೆಗೆ ಹೋಗಿ ತಮ್ಮ ಬಂದೂಕು ತಂದು ಪಕ್ಕದಲ್ಲಿ ಇಟ್ಟರು. ಎರಡರಲ್ಲೂ ಅದೇ ಹೆಂಗಸು, ಅದೇ ನಿಲುವು. ಆದರೆ ಅವರದರಲ್ಲಿ ಚಿತ್ರದ ಕೆಳಗೆ ಒಂದು ಸಾಲು ಅಕ್ಷರವಿತ್ತು. "ಇದೋ, ಜರ್ಮನಿ ಅಂತ ಹೊಡೆದಿದ್ದಾರೆ. ಹಿಂದುಗಡೆ ಸಣ್ಣ ಅಂಕಿ ನೋಡಿ, ಯಾವ ತಿಂಗಳು ಯಾವ ವರ್ಷ ಮಾಡಿದ್ದು ಅಂತ. ಅವರ ಪದ್ಧತಿ ಅದು." ಆಮೇಲೆ ನಮ್ಮ ಬಂದೂಕಿನ ಚಿತ್ರದ ಕೆಳಗೆ ಉಗುರು ಆಡಿಸಿದರು. ಅಲ್ಲಿ ಅಕ್ಷರವಿರಲಿಲ್ಲ, ನುಣ್ಣಗಿತ್ತು. ಬೆಳಕಿಗೆ ಹಿಡಿದರೆ ಆ ಜಾಗ ಸ್ವಲ್ಪ ತಗ್ಗಿದ್ದದ್ದು ನನಗೂ ಕಂಡಿತು. ಹಿಂದೆ ಅಂಕಿಯೂ ಇರಲಿಲ್ಲ.

"ಇಲ್ಲಿ ಯಾರೋ ಅರ ಹಾಕಿ ಉಜ್ಜಿದ್ದಾರೆ," ಎಂದರು ಸಾಹೇಬರು. ಇನ್ನೂ ಏನೋ ಹೇಳಹೊರಟವರು ಅತ್ತೆಯ ಮುಖ ನೋಡಿ ನಿಲ್ಲಿಸಿ, ಹೂರಣದ ಕಡುಬು ಚೆನ್ನಾಗಿದೆ ಎಂದುಬಿಟ್ಟರು.

ಅವರು ಮೆಟ್ಟಿಲಿಳಿದು ಹೋದದ್ದೇ ಅತ್ತೆ ಕೇಳಿದರು: "ಏನೇ, ಅವರದ್ದರಲ್ಲಿ ಜರ್ಮನಿ ಅಂತ ಬರೆದಿದೆ. ನಿಮ್ಮಪ್ಪ ಕೊಟ್ಟಿದ್ದರಲ್ಲಿ ಎಲ್ಲೋಯ್ತು ಜರ್ಮನಿ?"

"ಗೊತ್ತಿಲ್ಲ ಅತ್ತೆ."

"ಉಜ್ಜಿ ತೆಗೆಯೋ ಅಂಥದ್ದು ಏನು ಬರೆದಿತ್ತೋ!"

ಗೋಡೆಗೆ ಮತ್ತೆ ಬಂದೂಕು ಏರಿತು. ಆದರೆ ಆವತ್ತಿನಿಂದ ಬಂದವರಿಗೆ ತೋರಿಸುವುದು ನಿಂತಿತು. ತವರಿನಿಂದ ಏನು ಬಂದರೂ ಅದಕ್ಕೆ ಒಂದು ಮಾತು ತಗುಲಿಕೊಂಡಿತು. ಅವ್ವ ಚಕ್ಕುಲಿ ಕಳಿಸಿದರೆ, "ಇದೂ ಜರ್ಮನಿದೇನೇ?" ಹಲಸಂದೆ ಕಳಿಸಿದರೆ, "ನೋಡ್ಕೊಂಡು ಬೇಯಿಸು ಮಾರಾಯ್ತಿ, ಜರ್ಮನಿ ಕಾಳು ಬೇಗ ಬೇಯಲ್ವಂತೆ." ಹೇಳಿ ತಾವೇ ನಗುವರು. ಒಮ್ಮೊಮ್ಮೆ ನನಗೂ ನಗು ಬರುತ್ತಿತ್ತು. ನಕ್ಕ ಮೇಲೆ, ಅಪ್ಪಾಜಿಯ ಹೆಸರಿಗೆ ನಾನೇ ನಕ್ಕೆನಲ್ಲ ಎಂದು ಅಡುಗೆಮನೆಗೆ ಸರಿದುಬಿಡುತ್ತಿದ್ದೆ. ಅತ್ತೆ ಕೆಟ್ಟವರಲ್ಲ. ನನಗೆ ಆಗ ಬಸಿರು ನಿಂತಿತ್ತು, ಬೆಳಗಿನ ವಾಂತಿಗೆ ಬೆನ್ನು ಸವರುತ್ತಿದ್ದವರು ಅವರೇ. ಬೆನ್ನು ಸವರುತ್ತಲೇ, "ನಿಮ್ಮಪ್ಪನ್ನ ಒಂದು ಮಾತು ಕೇಳೇ" ಎನ್ನುತ್ತಿದ್ದರು.

ದೀಪಾವಳಿಗೆ ರೈಲಿನಲ್ಲಿ ಶಿವಮೊಗ್ಗಕ್ಕೆ ಹೋದೆ. ಕೇಳುವುದು ಹೇಗೆ? ಬಟ್ಟೆ ಉಜ್ಜಿ ಊರು ಹೇಳುವ ಮನುಷ್ಯನನ್ನು, ನೀವು ಕೊಟ್ಟಿದ್ದು ಅಸಲಿಯೇ ಎಂದು ಮಗಳು ಕೇಳಬಹುದೇ? ಹಬ್ಬ ಮುಗಿದು ಹೊರಡುವ ದಿನ ಬಂತು. ಅಪ್ಪಾಜಿ ಅಂಗಡಿಯಲ್ಲಿ ಥಾನು ಮಡಿಸುತ್ತಿದ್ದರು. ಇನ್ನೊಂದು ತುದಿ ಹಿಡಿದುಕೊಳ್ಳುವ ನೆಪದಲ್ಲಿ ಎದುರು ನಿಂತು ಕೇಳಿದೆ.

"ಅಪ್ಪಾಜಿ, ಆ ಬಂದೂಕಿನ ಚಿತ್ರದ ಕೆಳಗೆ ಯಾಕೆ ಉಜ್ಜಿದ್ದಾರೆ?"

"ಓ ಅದಾ," ಎಂದರು, ಬಹಳ ಸಲೀಸಾಗಿ. "ನಾನೂ ಆ ವ್ಯಾಪಾರೀನ ಕೇಳಿದ್ದೆ. ಯುದ್ಧದ ಟೈಮಲ್ಲಿ ಜರ್ಮನಿ ಸಾಮಾನು ಮನೇಲಿ ಇಟ್ಕೊಂಡ್ರೆ ಬ್ರಿಟಿಷ್‌ನೋರು ಹಿಡಿದು ಹಾಕ್ತಿದ್ರಂತೆ. ಭಯಕ್ಕೆ ಅದರ ಹಳೇ ಯಜಮಾನ ಹೆಸರು ಉಜ್ಜಿಸಿಬಿಟ್ಟಿದ್ದಾನೆ. ಹೆಸರು ಉಜ್ಜಬಹುದು ಮಗಾ, ಚಿತ್ರ ಯಾಕೆ ಉಳಿಸಿದ್ರು? ಅದು ಅಸಲಿ ಅಂತ ಗೊತ್ತಾಗ್ಲಿ ಅಂತ. ಯಾರು ಕೇಳಿದ್ದು, ಬೀಗಿತ್ತಿನಾ?"

"ಇಲ್ಲ, ನಾನೇ."

"ನಿನಗೆ ಅನುಮಾನಾನಾ?"

ಥಾನಿನ ತುದಿ ನನ್ನ ಕೈಯಲ್ಲಿತ್ತು, ಬಿಡುವಂತಿರಲಿಲ್ಲ. "ಇಲ್ಲ ಅಪ್ಪಾಜಿ" ಎಂದೆ. ಅವರು ಬಟ್ಟೆ ಎಳೆದು ಮಡಿಸುತ್ತ ನನ್ನ ಹತ್ತಿರ ಬಂದು, ನನ್ನ ಕೈಯಿಂದ ತುದಿ ತೆಗೆದುಕೊಂಡರು. "ನಾನೇ ಬಂದಾಗ ಹೇಳ್ತೀನಿ ಬಿಡು, ಎಲ್ಲರೆದುರಿಗೇ ಹೇಳ್ತೀನಿ." ನನಗೆ ಎಷ್ಟು ಹಗುರವಾಯಿತೆಂದರೆ, ಭದ್ರಾವತಿ ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತ ಆ ಮಾತನ್ನೇ ಮನಸ್ಸಿನಲ್ಲಿ ಹೇಳಿಕೊಂಡು ಬಂದೆ. ಯುದ್ಧ, ಭಯ, ಅರ. ಎಲ್ಲ ಸರಿಹೊಂದುತ್ತಿತ್ತು.

ಅತ್ತೆಗೆ ಹೇಳಿದರೆ ಅವರು ತುಟಿ ಓರೆ ಮಾಡಿದರು. "ಆಗಲಿ, ನಿನ್ನ ಕುಬುಸಕ್ಕೆ ಬರ್ತಾರಲ್ಲ, ಅವರ ಬಾಯಿಂದಲೇ ಕೇಳೋಣ."

ಕುಬುಸವೆಂದರೆ ಏಳು ತಿಂಗಳ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ ಬಳೆ ತೊಡಿಸಿ, ಹೆರಿಗೆಗೆ ಕರೆದುಕೊಂಡು ಹೋಗುವ ಶಾಸ್ತ್ರ. ದಿನ ಗೊತ್ತಾಯಿತು. ಬೀದಿಯವರನ್ನೆಲ್ಲ ಕರೆದರು. ಎದುರು ಮನೆಯ ಸಾಹೇಬರನ್ನು ಅತ್ತೆ ತಾವೇ ಹೋಗಿ ಕರೆದು ಬಂದರು. ಅದು ಯಾಕೆಂದು ನಮ್ಮ ಯಜಮಾನರಿಗೂ ನನಗೂ ಗೊತ್ತಿತ್ತು.

ಕುಬುಸದ ಹಿಂದಿನ ದಿನ ಇವರು ಬಂದೂಕನ್ನು ಚೀಲದಲ್ಲಿ ಹಾಕಿಕೊಂಡು ಕಾರ್ಖಾನೆಗೆ ಹೋದರು. ಅಮ್ಮನ ಬಾಯಿ ಮುಚ್ಚಿಸುವ ಆಸೆ ಅವರಿಗೆ. ಸಂಜೆ ಬಂದವರು ಬಂದೂಕನ್ನು ಮತ್ತೆ ಗೋಡೆಗೆ ತೂಗುಹಾಕಿ ಮಲಗಿಬಿಟ್ಟರು. ಮಾರನೆಯ ಬೆಳಿಗ್ಗೆ, ನಾನು ಮಿಂದು ವಿಭೂತಿ ಇಟ್ಟುಕೊಂಡು ಹಾಲು ಕಾಯಿಸುತ್ತಿದ್ದಾಗ ಅಡುಗೆಮನೆಗೆ ಬಂದು ನಿಂತರು.

"ನೋಡು, ಒಂದು ವಿಷಯ. ಗಾಬರಿ ಆಗ್ಬೇಡ."

ಅವರ ಕೆಲಸವೇ ಕಬ್ಬಿಣದ ತುಂಡನ್ನು ಕನ್ನಡಿಯಂತೆ ಉಜ್ಜಿ, ಆಸಿಡ್ ಸವರಿ, ಒಳಗಿನ ಗುಣ ನೋಡುವುದು. ನನಗೆ ತಿಳಿಯುವ ಹಾಗೆ ಹೇಳಿದರು: "ಅಕ್ಷರ ಒತ್ತುವಾಗ ಅದರ ಕೆಳಗಿನ ಕಬ್ಬಿಣ ಅದುಮಿಕೊಂಡು ಬಿಗಿಯಾಗುತ್ತೆ. ಮೇಲೆ ಅರ ಹಾಕಿ ಅಳಿಸಿದ್ರೂ ಒಳಗಿನ ಆ ಬಿಗಿ ಹೋಗಲ್ಲ. ಪಾಲಿಶ್ ಮಾಡಿ ಆಸಿಡ್ ಸವರಿದ್ರೆ ಬಿಗಿಯಾದ ಜಾಗ ಬೇರೆ ಬಣ್ಣ ತೋರ್ಸುತ್ತೆ. ನಿನ್ನೆ ಸವರ್ದೆ. ಹಸಿ ಇದ್ದಾಗ ಅಕ್ಷರ ಎದ್ದು ಬಂತು. ಒಣಗೋ ಹೊತ್ತಿಗೆ ಮತ್ತೆ ಹೋಯ್ತು. ಆದ್ರೆ ನಾನು ಓದ್ದೆ."

"ಏನಂತ?"

"ಗ್ರೇಟ್ ಬ್ರಿಟನ್ ಅಂತ."

ಹಾಲು ಉಕ್ಕಿ ಒಲೆಗೆ ಸುರಿಯಿತು. ನಾನು ಸೆರಗಿನಿಂದಲೇ ಪಾತ್ರೆ ಇಳಿಸಿದೆ.

"ಸಾಹೇಬ್ರನ್ನ ಕೇಳ್ದೆ," ಎಂದು ಅವರು ಮುಂದುವರಿಸಿದರು. "ಯುದ್ಧ ಸೋತ ಮೇಲೆ ಆ ಜರ್ಮನಿ ಕಾರ್ಖಾನೆ ಮೆಶೀನುಗಳನ್ನ ಬ್ರಿಟನ್‌ನೋರು ತಮ್ಮ ದೇಶಕ್ಕೆ ಸಾಗಿಸಿದ್ರಂತೆ. ಚಿತ್ರದ ಹಕ್ಕೂ ಅವರಿಗೇ ಹೋಯ್ತಂತೆ. ಹಾಗಾಗಿ ಯುದ್ಧ ಆದ್ಮೇಲೆ ಈ ಹೆಂಗಸಿನ ಚಿತ್ರ ಹಾಕಿ ಅವರೂ ಬಂದೂಕು ಮಾಡಿದ್ದಾರೆ. ಇದು ಅಂಥದ್ದು. ಜರ್ಮನಿ ಅಂದ್ರೆ ಬೇಗ ಬಿಕರಿಯಾಗುತ್ತೆ ಅಂತ ಆ ವ್ಯಾಪಾರಿ ಬ್ರಿಟನ್ ಹೆಸರು ಉಜ್ಜಿ ಮಾರಿದ್ದಾನೆ."

ಹಾಗಾದರೆ ಯುದ್ಧದ ಭಯವೂ ಸುಳ್ಳು. ಯುದ್ಧ ಮುಗಿದ ಮೇಲೆ ಹುಟ್ಟಿದ ಬಂದೂಕಿಗೆ ಯುದ್ಧದ ಭಯವೆಲ್ಲಿಯದು?

"ಅಮ್ಮ ಕೇಳಿದ್ರೆ ಜರ್ಮನಿ ಅಂದ್ಬಿಡ್ಲಾ?" ಎಂದು ಕೇಳಿದರು. ಆ ಮನುಷ್ಯ ಹಾಗೆ ಕೇಳಿದ್ದೇ ನನಗೆ ದೊಡ್ಡದು. ಅಮ್ಮನ ಎದುರು ಸುಳ್ಳು ಆಡಿದವರಲ್ಲ. "ಏನೂ ಹೇಳ್ಬೇಡಿ. ಅಪ್ಪಾಜಿ ಬರ್ತಿದ್ದ ಹಾಗೆ ಹಿತ್ತಿಲ ಕಡೆ ಕರ್ಕೊಂಡು ಹೋಗಿ ನಾನೇ ಹೇಳ್ತೀನಿ. ಆ ಮಾತು ಬಂದ್ರೆ ಸುಮ್ಮನಿರಿ ಅಂತ ಹೇಳ್ತೀನಿ" ಎಂದೆ.

ಆದರೆ ಆವತ್ತು ರೈಲು ತಡವಾಯಿತು. ಒಳ್ಳೆಯ ಗಳಿಗೆ ಮೀರುತ್ತದೆಂದು ಮುತ್ತೈದೆಯರು ಅವಸರ ಮಾಡುತ್ತಿದ್ದರು. ಅಪ್ಪಾಜಿ, ಅವ್ವ ಬುಟ್ಟಿಗಳನ್ನು ಹೊತ್ತು ಬಂದದ್ದೇ ಅವ್ವ ನನಗೆ ಹಸಿರು ಸೀರೆ ಸುತ್ತಿ ಹಸೆಮಣೆಯ ಮೇಲೆ ಕೂರಿಸಿಬಿಟ್ಟರು. ಕೂತ ಮೇಲೆ ಆರತಿಯಾಗುವವರೆಗೆ ಏಳುವಂತಿಲ್ಲ. ಅಪ್ಪಾಜಿ ದೂರದಿಂದಲೇ ನನ್ನ ಮುಖ ನೋಡಿ ನಕ್ಕು, ಜಗಲಿಗೆ ಹೋಗಿ ಗಂಡಸರ ಜೊತೆ ಚಾಪೆಯ ಮೇಲೆ ಕೂತರು. ನಾನು ಕಣ್ಣಲ್ಲೇ ಕರೆದೆ. ತವರಿನವರನ್ನು ನೋಡಿ ಕಣ್ಣು ತುಂಬಿದೆ ಎಂದುಕೊಂಡರೋ ಏನೋ.

ಒಳಗೆ ಬಳೆ ತೊಡಿಸುತ್ತಿದ್ದರು. ಅತ್ತೆ ಆರತಿಯ ಗುಂಪಿಗೆ ಬರದೆ ಹೊಸ್ತಿಲ ಬಳಿ ಕೂತಿದ್ದರು. ಅಲ್ಲಿಂದ ಜಗಲಿಗೆ ಎರಡು ಮಾರು. ಅವರ ಧ್ವನಿ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ಬೀಗ್ರೆ, ನಮ್ಮ ಎದುರು ಮನೆ ಸಾಹೇಬ್ರು ಜರ್ಮನಿ ನೋಡಿ ಬಂದೋರು. ನಿಮ್ಮ ಬಂದೂಕಿನ ವಿಷ್ಯ ಅವರಿಗೇನೋ ಅನುಮಾನ."

"ಅಯ್ಯೋ, ನನ್ನನ್ನ ಯಾಕಮ್ಮಾ ಎಳೀತೀರ," ಎಂದರು ಸಾಹೇಬರು. "ನಾನು ಊಟಕ್ಕೆ ಬಂದವನು."

ಅಪ್ಪಾಜಿ ನಕ್ಕರು. "ಅನುಮಾನ ಏನಕ್ಕೆ? ಯುದ್ಧದಲ್ಲಿ ಹೆಸರು ಉಜ್ಜಿಸಿದ್ದು. ಮಗಳು ಹೇಳಿರಬೇಕಲ್ಲ."

"ಹೇಳಿದ್ಲು, ಹೇಳಿದ್ಲು. ಅವಳು ನಿಮ್ಮ ಮಗಳು, ಹೇಳದೆ ಇರ್ತಾಳಾ? ಅಂಗಡಿ ಮಾತು ಬೇರೆ, ಮನೆ ಮಾತು ಬೇರೆ ಬೀಗ್ರೆ. ಅಂಗಡೀಲಿ ಎಲ್ಲಾನೂ ಅಸಲಿನೇ."

ಜಗಲಿಯಲ್ಲಿ ಯಾರೋ ಕಿಸಕ್ಕೆಂದರು. ಅಪ್ಪಾಜಿಯ ಧ್ವನಿ ಬದಲಾಯಿತು.

"ನನ್ನ ಅಂಗಡಿ ಮಾತೂ ಮನೆ ಮಾತೂ ಒಂದೇ. ನಂಬಿಕೆ ಇಲ್ವಾ? ಲಿಂಗ ಮುಟ್ಟಿ ಹೇಳ್ತೀನಿ, ಆಯ್ತಾ?"

ಬಾಗಿಲ ಸಂದಿಯಿಂದ ಕಂಡಿತು. ಅಪ್ಪಾಜಿ ಎದ್ದು ನಿಂತಿದ್ದರು. ಬಲಗೈ ಅಂಗಿಯ ಗುಂಡಿ ಬಿಚ್ಚಿ ಎದೆಯ ಮೇಲಿನ ಕರಡಿಗೆಗೆ ಹೋಗುತ್ತಿತ್ತು. ದಿನವೂ ಮಿಂದು ಅಂಗೈಯಲ್ಲಿಟ್ಟು ಪೂಜಿಸುವ ಇಷ್ಟಲಿಂಗ ಆ ಕರಡಿಗೆಯಲ್ಲಿ. ನಾನು ನೋಡಿದ ಮಟ್ಟಿಗೆ ಅಪ್ಪಾಜಿ ಅದರ ಮೇಲೆ ಕೈಯಿಟ್ಟು ಎಂದೂ ಆಣೆ ಮಾಡಿದವರಲ್ಲ. ಬೇರೆಯವರು ಮಾಡಲು ಬಂದರೂ ತಡೆಯುವರು. ಈಗ ಒಂದು ಬಂದೂಕಿಗಾಗಿ, ಗೊತ್ತಿಲ್ಲದೆ, ಸುಳ್ಳಾಣೆ ಇಡುವವರಿದ್ದರು. ಅತ್ತೆಯ ಮುಖವೂ ಬಿಳಿಚಿತ್ತು. ಮಾತು ಇಷ್ಟು ದೂರ ಹೋಗುತ್ತದೆಂದು ಅವರೂ ಎಣಿಸಿರಲಿಲ್ಲ. ನಮ್ಮ ಯಜಮಾನರು ಹಿತ್ತಿಲಲ್ಲಿ ಎಲೆ ತೊಳೆಸುತ್ತಿದ್ದರು.

ಬಳೆಗಾರ್ತಿಯ ಕೈಯಿಂದ ನನ್ನ ಕೈ ಕಿತ್ತುಕೊಂಡೆ. ಒಂದು ಬಳೆ ಒಡೆಯಿತು. "ಏಳ್ಬಾರ್ದು, ಏಳ್ಬಾರ್ದು" ಎಂದು ಹೆಂಗಸರು ಹಿಡಿಯಲು ಬಂದರು. ನಾನು ಮಣೆಯ ಮೇಲೆ ಎದ್ದು ನಿಂತು ಕೂಗಿದೆ.

"ಅಪ್ಪಾಜಿ! ಆಣೆ ಬೇಡ. ಅದು ಜರ್ಮನಿದಲ್ಲ."

ಅಪ್ಪಾಜಿಯ ಕೈ ಗುಂಡಿಯ ಮೇಲೆಯೇ ಉಳಿಯಿತು. ಅವರು ನನ್ನತ್ತ ನೋಡಿದ ನೋಟವನ್ನು ನಾನು ಬರೆಯಲಾರೆ. ಕೋಪವಲ್ಲ. ಜನರ ಮಧ್ಯೆ ಪಂಚೆ ಜಾರಿದವರು ನೋಡುವ ಹಾಗೆ ನೋಡಿದರು. ಮಗಳೊಬ್ಬಳು, ಅದೂ ಬಸುರಿ, ಬೀಗರ ಮನೆಯಲ್ಲಿ, ಹಸೆಮಣೆಯ ಮೇಲೆ ನಿಂತು ತಂದೆಯ ಮಾತು ಸುಳ್ಳೆಂದು ಕೂಗಿದ್ದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನಿನಗೆ ಹೇಗೆ ಗೊತ್ತು?" ಎಂದರು ಅತ್ತೆ.

ಅಷ್ಟರಲ್ಲಿ ಇವರು ಒದ್ದೆ ಕೈಯಲ್ಲೇ ಓಡಿ ಬಂದರು. "ನಾನೇ ನೋಡ್ದೆ ಅಮ್ಮ, ಲ್ಯಾಬಲ್ಲಿ. ಮಾವನವರದ್ದೇನೂ ತಪ್ಪಿಲ್ಲ. ಅವರಿಗೆ ಮೋಸ ಮಾಡಿ ಕೊಟ್ಟಿದ್ದಾರೆ." ಆಸಿಡ್ಡಿನ ವಿಷಯ, ಯುದ್ಧದ ನಂತರದ ವಿಷಯ ಎಲ್ಲವನ್ನೂ ಹೇಳಿದರು. ಸಾಹೇಬರು ತಲೆಯಾಡಿಸಿ, "ಚಿತ್ರ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸೋದು ಸಾರ್. ನಾನೇ ಮೊದಲು ಜರ್ಮನಿ ಅಂದುಕೊಂಡೆ" ಎಂದರು. ಅದು ನಿಜವೋ, ಅಪ್ಪಾಜಿಯ ಮಾನಕ್ಕಾಗಿ ಆಡಿದ್ದೋ, ಇವತ್ತಿಗೂ ನನಗೆ ತಿಳಿಯದು.

ಅಪ್ಪಾಜಿ ಬಂದೂಕು ತರಿಸಿಕೊಂಡು, ಆ ನುಣ್ಣನೆಯ ಜಾಗವನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಬಟ್ಟೆ ಉಜ್ಜುವ ಹಾಗೆಯೇ.

"ಹಾಗಾದ್ರೆ ಮಗ್ಗ ಹೊತ್ಕೊಂಡು ಹೋದೋರು ಚೀಟೀನೂ ಹೊತ್ಕೊಂಡು ಹೋದ್ರಾ ಅಳಿಯಂದ್ರೆ?"

"ಹೂಂ ಮಾವ."

"ನಮ್ಮ ಕಸುಬಲ್ಲಿ ಹಾಗಿಲ್ಲ," ಎಂದರು. ಅತ್ತೆಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಬೀಗಿತ್ತೀರೆ, ನಾನು ಹೇಳಿದ್ದು ತಪ್ಪು. ಇದನ್ನ ವಾಪಸ್ ತಗೊಂಡು ಹೋಗ್ತೀನಿ."

ಅತ್ತೆ ಏನು ಹೇಳಬಹುದೆಂದು ನಾನು ಮಣೆಯ ಮೇಲೆ ನಿಂತೇ ಅವರತ್ತ ನೋಡಿದೆ. ಅವರು ಎದ್ದು ಸೆರಗು ಕೊಡವಿಕೊಂಡರು.

"ಕೊಟ್ಟಿದ್ದನ್ನ ಯಾಕೆ ತಗೊಂಡು ಹೋಗ್ತೀರ? ಮಂಗನಿಗೆ ಜರ್ಮನಿ ಯಾವ್ದು, ಬ್ರಿಟನ್ ಯಾವ್ದು ಅಂತ ಗೊತ್ತಾಗುತ್ತಾ? ಆಣೆ ಆಗ್ಲಿಲ್ಲ, ಶಿವ ದೊಡ್ಡೋನು. ಏಯ್, ಅವಳನ್ನ ಕೂರಿಸ್ರೇ, ಆರತಿ ಮಾಡಿ. ಬಸುರಿ ಎಷ್ಟು ಹೊತ್ತು ನಿಲ್ತಾಳೆ?"

ಅದು ಆವತ್ತು ನನಗೆ ಸಿಕ್ಕ ದೊಡ್ಡ ಕರುಣೆ. ಆಮೇಲೆ ಅತ್ತೆ ಎಂದೂ ಯಾವ ಚಕ್ಕುಲಿಗೂ ಜರ್ಮನಿಯ ಹೆಸರು ಹೇಳಲಿಲ್ಲ. ಊಟಕ್ಕೆ ಕೂತಾಗ ಅಪ್ಪಾಜಿಯ ಎಲೆಗೆ ತಾವೇ ಹೋಳಿಗೆ ಬಡಿಸಿ ತುಪ್ಪ ಹಾಕಿದರು. ಅಪ್ಪಾಜಿ ಬೇಡವೆನ್ನಲಿಲ್ಲ. ಬಡಿಸಿದ್ದನ್ನೆಲ್ಲ ತಲೆ ಬಗ್ಗಿಸಿ ಉಂಡರು, ಒಂದು ಅಗುಳು ಬಿಡದೆ. ನೋಡಲಾಗದೆ ನಾನು ಗೋಡೆಯ ಕಡೆ ತಿರುಗಿದೆ.

ಸಂಜೆಯ ರೈಲಿನಲ್ಲಿ ನಾನು, ಅವ್ವ, ಅಪ್ಪಾಜಿ ಮೂವರೇ. ಅವ್ವ ನನ್ನ ಕೈಯ ಒಡೆದ ಬಳೆಯ ಗೀರಿಗೆ ಎಣ್ಣೆ ಸವರುತ್ತ ಕೂತಿದ್ದರು. ಶಿವಮೊಗ್ಗ ಹತ್ತಿರವಾದಾಗ ಅಪ್ಪಾಜಿ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು:

"ಆಣೆ ಬಾಯಿ ತುದೀಲಿತ್ತು ಮಗಾ. ಒಂದು ಗಳಿಗೆ ತಡ ಆಗಿದ್ರೆ ಆಗೋಗ್ತಿತ್ತು."

"ಬೆಳಿಗ್ಗೆನೇ ಗೊತ್ತಾಗಿದ್ದು ಅಪ್ಪಾಜಿ. ಹಿತ್ತಿಲಿಗೆ ಕರೆದು ಹೇಳ್ಬೇಕು ಅಂತಿದ್ದೆ. ರೈಲು..."

"ಗೊತ್ತು. ನೀನು ಕೂಗಿದ್ದು ಒಳ್ಳೇದಾಯ್ತು."

ಒಳ್ಳೆಯದಾಯಿತು ಎಂದರು, ಆದರೆ ನನ್ನ ಕಡೆ ತಿರುಗಲಿಲ್ಲ. ನಾನೂ ಅವರ ಮುಖ ನೋಡುವ ಧೈರ್ಯ ಮಾಡಲಿಲ್ಲ.

ಹೆರಿಗೆಯವರೆಗೂ ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿದ್ದೆ. ಮುಂದಿನ ಮಾತೆಲ್ಲ ಕೇಳುತ್ತಿತ್ತು. ಒಂದು ದಿನ ಯಾರೋ ಹಳೆಯ ಗಿರಾಕಿ ತುಂಡು ಬಟ್ಟೆ ತಂದು, "ಇದು ಯಾವ ಮಿಲ್ಲಿಂದು, ನೀವೇ ಹೇಳ್ಬೇಕು" ಎಂದರು. ನಾನು ಕಿವಿಗೊಟ್ಟೆ. ಅಪ್ಪಾಜಿ, "ಅಂಚಲ್ಲಿ ಅಕ್ಷರ ಇದ್ರೆ ಓದಿಸ್ಕೊಳ್ಳಿ" ಎಂದರು. "ಅಕ್ಷರ ಯಾಕೆ, ನಿಮ್ಮ ಕೈ ಸಾಕಲ್ಲ?" "ಕೈಗೇನು ಗೊತ್ತಾಗುತ್ತೆ, ಓದಿಸ್ಕೊಳ್ಳಿ." ಆ ಗಿರಾಕಿ ತಮಾಷೆಯೆಂದು ನಕ್ಕರು. ಒಳಗೆ ಅಕ್ಕಿ ಆರಿಸುತ್ತಿದ್ದ ಅವ್ವ ಮೊರ ನಿಲ್ಲಿಸಿ ನನ್ನತ್ತ ನೋಡಿದರು. ನಾನು ತಲೆ ತಗ್ಗಿಸಿದೆ. ಲಿಂಗದ ಮುಂದೆ ಕೂತಾಗ, ಸುಳ್ಳಾಣೆ ತಪ್ಪಿಸಿದೆಯಲ್ಲ ಎಂದು ಶಿವನಿಗೆ ಕೈಮುಗಿಯುತ್ತಿದ್ದೆ. ಕಣ್ಣು ತೆರೆದರೆ ಅಂಗಡಿಯಿಂದ ಅಪ್ಪಾಜಿಯ ಆ ಸಣ್ಣಗಾದ ಧ್ವನಿ ಕೇಳುತ್ತಿತ್ತು.

ಮಗು ಹುಟ್ಟಿತು. ಹೆಣ್ಣು. ಸುಖವಾಗಿ ಆಯಿತು, ಅದೂ ಒಂದು ಕರುಣೆ. ಹೆಸರಿಡುವ ದಿನ ಭದ್ರಾವತಿಯಿಂದ ಅತ್ತೆ ಬಂದರು. ಅಪ್ಪಾಜಿ ತೊಟ್ಟಿಲ ಬಳಿ ನಿಂತಿದ್ದರು. ಬಟ್ಟೆ ಮುಟ್ಟಿ ಊರು ಹೇಳುವವರು ಮಗುವಿನ ಮುಖ ನೋಡಿ ಏನು ಹೇಳುತ್ತಾರೋ ಎಂದು ಎಲ್ಲರೂ ಕಾಯುತ್ತ, "ಯಾರ ಹೋಲಿಕೆ, ಹೇಳಿ, ಹೇಳಿ" ಎಂದರು.

"ನೀವೇ ನೋಡಿ ಹೇಳಿ," ಎಂದರು ಅಪ್ಪಾಜಿ.

ನನಗೆ ತಡೆಯಲಾಗಲಿಲ್ಲ. ಹಾಸಿಗೆಯಿಂದಲೇ ಹೇಳಿದೆ: "ಮೂಗು ನಿಮ್ಮದೇ ಅಪ್ಪಾಜಿ."

"ನಿಮ್ಮದೇ ಬೀಗ್ರೆ, ಇದರಲ್ಲಿ ಕೇಳೋದೇನು?" ಎಂದರು ಅತ್ತೆ, ಜೋರಾಗಿ.

ಅಪ್ಪಾಜಿ ಬಗ್ಗಿ ಮಗುವಿನ ಮುಖವನ್ನು ಬಹಳ ಹೊತ್ತು ನೋಡಿದರು. ಮುಟ್ಟಲಿಲ್ಲ.

"ಇರಬಹುದು," ಎಂದರು.